ಎಷ್ಟು ಸಲ ಕೇಳಿದೆ, ಏಕೆ ಕೇಳಿದೆ?



ವರ್ಷಾಂತ್ಯ ಬಂತೆಂದರೆ ಧರ್ಮಕೇಂದ್ರದ ಕಚೇರಿಯಲ್ಲಿ ಎಣಿಕೆಯ ಕೆಲಸ ಪ್ರಾರಂಭವಾಗುತ್ತದೆ. ಈ ವರ್ಷ ಎಷ್ಟು ಜ್ಞಾನಸ್ನಾನ, ಎಷ್ಟು ವಿವಾಹ, ಎಷ್ಟು ಮರಣ ಎಂದು ದಾಖಲೆ ಪುಸ್ತಕಗಳನ್ನು ತೆರೆದು ಒಂದೊಂದಾಗಿ ಎಣಿಸಿ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಇದೇ ಸಮಯಕ್ಕೆ ನಮ್ಮ ಯುವಕ ಯುವತಿಯರ ಕೈಗೂ ಒಂದು ಲೆಕ್ಕ ಬಂದು ಸೇರುತ್ತಿದೆ. ಫೋನಿನಲ್ಲಿ ಹಾಡು ಕೇಳುವವರಿಗೆ, ಈ ವರ್ಷ ನೀವು ಎಷ್ಟು ನಿಮಿಷ ಹಾಡು ಕೇಳಿದಿರಿ, ಯಾವ ಗಾಯಕರನ್ನು ಹೆಚ್ಚು ಕೇಳಿದಿರಿ, ಯಾವ ಹಾಡನ್ನು ಎಷ್ಟು ಸಲ ಹಾಕಿದಿರಿ ಎಂಬ ಪಟ್ಟಿ ಅದು. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಗುಂಪುಗೂಡಿ ಒಬ್ಬರ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿ ನಗುವುದನ್ನು ನೀವೂ ನೋಡಿರಬಹುದು.

ಆ ಪಟ್ಟಿ ಬರುವುದು ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ಇಲ್ಲವೇ ಡಿಸೆಂಬರ್ ಮೊದಲಲ್ಲಿ. ಧರ್ಮಸಭೆಗೆ ಅದು ಆಗಮನ ಕಾಲ, ಪೂಜಾವರ್ಷದ ಮೊದಲ ದಿನಗಳು. ಎಚ್ಚರವಾಗಿರಿ, ನಿಮ್ಮ ಹೃದಯವನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ ಎಂದು ಧರ್ಮಸಭೆ ಕರೆ ಕೊಡುವ ಹೊತ್ತಿಗೇ ಈ ಯಂತ್ರವೂ ನಮ್ಮ ಮುಂದೆ ಒಂದು ಕನ್ನಡಿ ಹಿಡಿಯುತ್ತದೆ. ಆ ಕನ್ನಡಿಯಲ್ಲಿ ನೋಡುವುದು ಹೇಗೆ? ಈ ಪ್ರಶ್ನೆಯನ್ನು ನಾನು ಎತ್ತುವುದಕ್ಕೆ ಕಾರಣ, ಕಳೆದ ವರ್ಷ ನಾನೇ ಅದನ್ನು ತಪ್ಪಾಗಿ ನೋಡಿದ್ದು.

ಯಂತ್ರ ಎಣಿಸುವ ಬಗೆ

ಮೊದಲು ಈ ಎಣಿಕೆ ನಡೆಯುವ ಬಗೆಯನ್ನು ತಿಳಿಯೋಣ. ಹಿಂದೆ ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದಾಗ ಒಂದು ಕ್ಯಾಸೆಟ್ಟನ್ನು ಎಷ್ಟು ಸಲ ಕೇಳಿದ್ದೇವೆ ಎಂಬುದನ್ನು ಅದರ ಸವೆದ ಟೇಪೇ ಹೇಳುತ್ತಿತ್ತು. ಬೇರೆ ಲೆಕ್ಕ ಇಟ್ಟವರಿಲ್ಲ. ಹಾಡುಗಳು ಕಂಪ್ಯೂಟರಿಗೆ ಬಂದ ಮೇಲೆ ಎಣಿಕೆ ಸುಲಭವಾಯಿತು. 2001ರಲ್ಲಿ ಬಂದ ಆಪಲ್ ಸಂಸ್ಥೆಯ ಐಟ್ಯೂನ್ಸ್ ತಂತ್ರಾಂಶದಲ್ಲಿ ಪ್ರತಿಯೊಂದು ಹಾಡಿನ ಪಕ್ಕದಲ್ಲೂ ಅದು ಎಷ್ಟು ಸಲ ನುಡಿಯಿತು ಎಂಬ ಸಂಖ್ಯೆಯನ್ನು ಕಾಣಬಹುದಾಗಿತ್ತು. 2002ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಜೋನ್ಸ್ ಎಂಬ ವಿದ್ಯಾರ್ಥಿ ತನ್ನ ವ್ಯಾಸಂಗದ ಭಾಗವಾಗಿ 'ಆಡಿಯೋಸ್ಕ್ರಾಬ್ಲರ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಒಬ್ಬರು ಕೇಳಿದ ಹಾಡುಗಳನ್ನೆಲ್ಲ ದಿನ, ವೇಳೆ ಸಹಿತ ಬರೆದಿಟ್ಟು, ಅದೇ ಅಭಿರುಚಿಯ ಇತರರು ಏನು ಕೇಳುತ್ತಾರೆಂದು ಹೋಲಿಸಿ ಹೊಸ ಹಾಡುಗಳನ್ನು ಸೂಚಿಸುವುದು ಅದರ ಉದ್ದೇಶ. ಅದು ಮುಂದೆ 'ಲಾಸ್ಟ್ ಎಫ್‌ಎಂ' ಎಂಬ ಸಂಸ್ಥೆಯೊಡನೆ ಸೇರಿತು. 2007ರಲ್ಲಿ ಅಮೆರಿಕದ ಸಿಬಿಎಸ್ ಸಂಸ್ಥೆ ಅದನ್ನು 28 ಕೋಟಿ ಡಾಲರಿಗೆ ಕೊಂಡುಕೊಂಡಿತು. ಜನ ಏನು ಕೇಳುತ್ತಾರೆ ಎಂಬ ಲೆಕ್ಕಕ್ಕೆ ಎಂಥ ಬೆಲೆ ನೋಡಿ! ಇಂದು ನಮ್ಮವರು ಹಂಚಿಕೊಳ್ಳುವ ವರ್ಷಾಂತ್ಯದ ಪಟ್ಟಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸ್ಪಾಟಿಫೈ ಸಂಸ್ಥೆಯದು. 'ರ‍್ಯಾಪ್ಡ್' ಎಂಬ ಹೆಸರಿನಲ್ಲಿ 2016ರಿಂದ ಬರುತ್ತಿದೆ. ಆ ಸಂಸ್ಥೆ ನಮ್ಮ ದೇಶಕ್ಕೆ ಕಾಲಿಟ್ಟದ್ದು 2019ರ ಫೆಬ್ರವರಿಯಲ್ಲಿ.

ಇಲ್ಲಿ ಒಂದು ಸ್ವಾರಸ್ಯವಿದೆ. 'ಕೇಳುವುದು' ಎಂದರೇನು ಎಂಬುದರಲ್ಲಿ ಯಂತ್ರಗಳಲ್ಲೇ ಒಮ್ಮತವಿಲ್ಲ. ಐಟ್ಯೂನ್ಸಿಗೆ ಹಾಡು ಕೊನೆಯವರೆಗೂ ನುಡಿದರೆ ಒಂದು ಎಣಿಕೆ. ಲಾಸ್ಟ್ ಎಫ್‌ಎಂಗೆ ಹಾಡು ಮೂವತ್ತು ಸೆಕೆಂಡಿಗಿಂತ ಉದ್ದವಾಗಿದ್ದು, ಅದರ ಅರ್ಧ ಭಾಗವೋ ನಾಲ್ಕು ನಿಮಿಷವೋ ನುಡಿದರೆ ಸಾಕು. ಸ್ಪಾಟಿಫೈಗೆ ಮೂವತ್ತು ಸೆಕೆಂಡು ನುಡಿದರೆ ಒಂದು ಎಣಿಕೆ. ಇದನ್ನು ಓದಿದಾಗ ನನಗೆ ಗುರುಮಠದಲ್ಲಿ ಕಲಿತ ಒಂದು ಹಳೆಯ ಪಾಠ ನೆನಪಾಗಿ ನಗು ಬಂತು. ಹಿಂದಿನ ಕಾಲದ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಭಾನುವಾರದ ಪೂಜೆಗೆ ತಡವಾಗಿ ಬಂದವರ ಬಗ್ಗೆ ಇಂಥದೇ ಲೆಕ್ಕಾಚಾರವಿತ್ತು: ಕಾಣಿಕೆ ಅರ್ಪಣೆಗೆ ಮುನ್ನ ಬಂದರೆ ಪೂಜೆ ಸಿಕ್ಕಿತು, ಆಮೇಲೆ ಬಂದರೆ ಸಿಗಲಿಲ್ಲ! ಈಗಲೂ ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ದೇವಾಲಯದ ಬಾಗಿಲಲ್ಲಿ ನಿಲ್ಲುವವರು ನಮ್ಮಲ್ಲಿ ಇದ್ದಾರಲ್ಲವೇ? ಕಾಲು ಒಳಗಿಟ್ಟದ್ದನ್ನು ಎಣಿಸಬಹುದು. ಹೃದಯ ಒಳಗೆ ಬಂತೋ ಇಲ್ಲವೋ ಎಣಿಸುವವರು ಯಾರು?

ನನ್ನ ತಪ್ಪು

ಕಳೆದ ವರ್ಷ ಆಗಮನ ಕಾಲದ ಎರಡನೆಯ ಭಾನುವಾರ ನಾನು ಪ್ರಬೋಧನೆಯಲ್ಲಿ ಈ ಪಟ್ಟಿಗಳ ಮಾತೆತ್ತಿದೆ. ನಿಮ್ಮ ಸಂಪತ್ತು ಎಲ್ಲಿದೆಯೋ ನಿಮ್ಮ ಹೃದಯವೂ ಅಲ್ಲೇ ಇರುತ್ತದೆ ಎಂಬ ಪ್ರಭುವಿನ ಬೋಧನೆಯನ್ನು (ಲೂಕ 12:34) ಆಧಾರವಾಗಿಟ್ಟುಕೊಂಡೆ. "ನಿಮ್ಮ ಪಟ್ಟಿಯನ್ನು ತೆರೆದು ನೋಡಿ. ಸಿನಿಮಾ ಹಾಡು ಎಷ್ಟು ಸಲ, ದೇವರ ಹಾಡು ಎಷ್ಟು ಸಲ? ನಿಮ್ಮ ಹೃದಯ ಎಲ್ಲಿದೆ ಎಂದು ಆ ಸಂಖ್ಯೆಯೇ ಸಾಕ್ಷಿ ಹೇಳುತ್ತದೆ" ಎಂದೆ. ಯುವಜನರು ತಲೆ ತಗ್ಗಿಸಿದರು. ತಂದೆತಾಯಿಯರು ತಲೆದೂಗಿದರು. ಪ್ರಬೋಧನೆ ಚೆನ್ನಾಗಿತ್ತು ಎಂದು ಮೂವರು ಬಂದು ಹೇಳಿಯೂ ಹೋದರು.

ಎರಡು ದಿನಗಳ ನಂತರ ಸಂಜೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮನೆಗೆ ಬಂದರು. ಮುಂದೆ ಬರೆಯುವುದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಜಗಲಿಯ ಮೇಲೆ ಕುಳಿತು ಮಾತಾಡಿದ್ದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಪತಿ ಆ ವರ್ಷ ತಪಸ್ಸುಕಾಲದಲ್ಲಿ ತೀರಿಕೊಂಡಿದ್ದರು. ಒಂದು ಸಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಬೇಸರ ಕಳೆಯಲೆಂದು ಮಗ ತಾಯಿಗೆ ಒಂದು ಫೋನು ಕೊಡಿಸಿ ಹಾಡು ಹಾಕುವುದನ್ನು ಕಲಿಸಿದ್ದ. ಆ ತಾಯಿ ಸೆರಗಿನಿಂದ ಫೋನು ಒರೆಸಿ ನನ್ನ ಕೈಗೆ ಕೊಟ್ಟು ಹೇಳಿದರು:

"ಫಾದರ್, ನನ್ನ ಲೆಕ್ಕ ಬಹಳ ಕೆಟ್ಟದಾಗಿದೆ. ಭಾನುವಾರ ಊಟಕ್ಕೆ ಕುಳಿತಾಗ ಮಗ ನೋಡಿ, ಅಮ್ಮಾ, ಫಾದರ್ ಬೈದದ್ದು ನಿನಗೇ ಅಂತ ನಕ್ಕ. ಒಂದೇ ಸಿನಿಮಾ ಹಾಡು ಮುನ್ನೂರ ಹನ್ನೆರಡು ಸಲ ಕೇಳಿದ್ದೇನಂತೆ. ದೇವರ ಹಾಡು ಒಂದೂ ಇಲ್ಲ."

ಅದು ಹಳೆಯ ಚಲನಚಿತ್ರವೊಂದರ ಹಾಡು. ರಾತ್ರಿ ಗಿರಣಿಗೆ ಬೀಗ ಹಾಕಿ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬರುವಾಗ ಅವರ ಪತಿ ಗುನುಗುತ್ತಿದ್ದ ಹಾಡಂತೆ. ಶ್ರುತಿಯೂ ಇಲ್ಲ, ತಾಳವೂ ಇಲ್ಲ, ಆದರೆ ಬೀದಿಯ ತಿರುವಿನಲ್ಲಿ ಆ ಹಾಡು ಕೇಳಿಸಿದರೆ ಇವರು ಒಲೆಯ ಮೇಲೆ ಸಾರು ಬಿಸಿಗಿಡುತ್ತಿದ್ದರಂತೆ. ಈಗ ರಾತ್ರಿ ಅದೇ ಹೊತ್ತಿಗೆ ಫೋನಿನಲ್ಲಿ ಆ ಹಾಡು ಹಾಕಿಕೊಳ್ಳುತ್ತಾರೆ. ನಿದ್ದೆ ಬಾರದಿದ್ದರೆ ಇನ್ನೊಂದು ಸಲ. "ಇದು ತಪ್ಪಾ ಫಾದರ್?" ಎಂದು ಕೇಳಿದರು.

ನಾನು ಏನು ಹೇಳಲೆಂದು ತಿಳಿಯದೆ, "ಅಮ್ಮಾ, ನೀವು ಪ್ರಾರ್ಥನೆ ಮಾಡುವುದಿಲ್ಲವೇ?" ಎಂದೆ. ಅವರಿಗೆ ಆಶ್ಚರ್ಯವಾಯಿತು. "ಜಪಸರ ಮುಗಿಸಿದ ಮೇಲೇ ಅಲ್ಲವಾ ಫಾದರ್ ಹಾಡು ಹಾಕುವುದು? ಜಪಸರಕ್ಕೆ ಫೋನು ಬೇಡವಲ್ಲ, ಅದಕ್ಕೇ ಅದರ ಲೆಕ್ಕ ಬಂದಿಲ್ಲ."

ಬಂಧುಗಳೇ, ಒಂದು ಜಪಸರಕ್ಕೆ ಐವತ್ಮೂರು 'ನಮೋ ಮರಿಯಾ'. ಪತಿ ತೀರಿಕೊಂಡ ದಿನದಿಂದ ಪ್ರತಿ ರಾತ್ರಿಯೂ ಆ ಮಣಿಗಳ ಮೇಲೆ ಅವರ ಬೆರಳು ಓಡಿದೆ. ಅಂದರೆ ಸಾವಿರಾರು ಸಲ. ಫೋನಿಗೆ ಅದು ಗೊತ್ತಿಲ್ಲ. ಬಲಿಪೀಠದ ಮುಂದೆ ನಿಂತು ಅಷ್ಟು ಧೈರ್ಯವಾಗಿ ಮಾತಾಡಿದ ನನಗೂ ಗೊತ್ತಿರಲಿಲ್ಲ. ಕ್ಷಮಿಸಿ ಅಮ್ಮಾ ಎಂದು ಕೈಮುಗಿದೆ. ಆ ರಾತ್ರಿ ನನ್ನ ಫೋನಿನ ಪಟ್ಟಿಯನ್ನು ತೆರೆದು ನೋಡಿದೆ. ಮೊದಲಿನಿಂದ ಕೊನೆಯವರೆಗೂ ಭಕ್ತಿಗೀತೆಗಳೇ! ಕಾರಣ ಸರಳ: ಗಾನವೃಂದದವರ ಅಭ್ಯಾಸಕ್ಕೆಂದು ನಾನೇ ಫೋನಿನಲ್ಲಿ ಹಾಡು ಹಾಕಿ ಮೇಜಿನ ಮೇಲಿಟ್ಟು ಕಚೇರಿಗೆ ಹೋಗಿ ಬೇರೆ ಕೆಲಸ ನೋಡುತ್ತಿದ್ದೆ. ನನ್ನ ಪಟ್ಟಿ ಪ್ರಭು ಹೇಳಿದ ಸುಣ್ಣ ಬಳಿದ ಸಮಾಧಿಯಂತೆ (ಮತ್ತಾಯ 23:27) ಹೊರಗೆ ಬೆಳ್ಳಗೆ ಹೊಳೆಯುತ್ತಿತ್ತು. ಆ ತಾಯಿಯ 'ಕೆಟ್ಟ ಲೆಕ್ಕ'ದಲ್ಲಿ ಪ್ರೀತಿ ಇತ್ತು, ನನ್ನ 'ಒಳ್ಳೆಯ ಲೆಕ್ಕ'ದಲ್ಲಿ ಕಿವಿಯೇ ಇರಲಿಲ್ಲ.

ಹಾಗಾದರೆ ಎಣಿಕೆ ಬೇಡವೇ?

ಹಾಗೆಂದು ಈ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆಯಬೇಕೇ? ಬೇಡ. ನಾವು ಮತ್ತೆ ಮತ್ತೆ ಮಾಡುವ ಕ್ರಿಯೆಗಳಿಂದಲೇ ನಮ್ಮಲ್ಲಿ ಅಭ್ಯಾಸಗಳು ನೆಲೆಗೊಳ್ಳುತ್ತವೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ. ಒಂದು ಸಲ ಮಾಡಿದ್ದು ಗಾಳಿಯಲ್ಲಿ ಹೋಗಬಹುದು. ನೂರು ಸಲ ಮಾಡಿದ್ದು ನಮ್ಮ ಸ್ವಭಾವವೇ ಆಗಿಬಿಡುತ್ತದೆ. ಇದರ ಮೇಲೆ, ನಾವು ಕೇಳಿದ್ದನ್ನು ನೋಡಿಕೊಂಡು ಅಂಥದನ್ನೇ ಇನ್ನಷ್ಟು ಮುಂದಿಡುವುದು ಈ ಯಂತ್ರಗಳ ಕೆಲಸ. ದ್ವೇಷದ, ಅಶ್ಲೀಲದ, ಹೆಣ್ಣನ್ನು ಹೀನಾಯ ಮಾಡುವ ಮಾತುಗಳ ಹಾಡುಗಳನ್ನು ದಿನವೂ ಕಿವಿಗೆ ತುಂಬಿಕೊಂಡರೆ ನಾಳೆ ಅದೇ ಬಗೆಯ ಇನ್ನೂ ಹತ್ತು ಹಾಡು ಬಾಗಿಲಲ್ಲಿ ಕಾದಿರುತ್ತವೆ. ಆದ್ದರಿಂದ ನಾನು ಏನನ್ನು ಮರಳಿ ಮರಳಿ ಹುಡುಕಿಕೊಂಡು ಹೋಗುತ್ತೇನೆ ಎಂದು ತಿಳಿಯುವುದು ಒಳ್ಳೆಯದೇ.

ಯಂತ್ರವಿಲ್ಲದ ಕಾಲದಲ್ಲೇ ಈ ಎಣಿಕೆಯನ್ನು ಆತ್ಮದ ಹಿತಕ್ಕೆ ಬಳಸಿದವರು ಸಂತ ಇಗ್ನೇಷಿಯಸ್ ಲೊಯೋಲ. 1548ರಲ್ಲಿ ಜಗದ್ಗುರು ಮೂರನೆಯ ಪೌಲರ ಅನುಮೋದನೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕಿರುಗ್ರಂಥದಲ್ಲಿ ಒಂದು ಸರಳ ಕ್ರಮವಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಏಳುತ್ತಲೇ ಅದರ ಬಗ್ಗೆ ಎಚ್ಚರ ವಹಿಸುವ ಸಂಕಲ್ಪ. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿಯ ಊಟದ ನಂತರ ಒಮ್ಮೆ ಪರಿಶೋಧನೆ. ಕಾಗದದ ಮೇಲೆ ದಿನಕ್ಕೆ ಎರಡು ಗೆರೆ ಎಳೆದು, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕೆ ಇಡಬೇಕು. ಆಮೇಲೆ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡಬೇಕು.

ನೋಡಿ, ಇದೂ ಎಣಿಕೆಯೇ. ಆದರೆ ಯಂತ್ರದ ಎಣಿಕೆ ನಾವು ಮೈಮರೆತಿರುವಾಗ ತಾನಾಗಿ ನಡೆಯುತ್ತದೆ. ಇಗ್ನೇಷಿಯಸರ ಚುಕ್ಕೆಯನ್ನು ನಮ್ಮ ಕೈಯಾರೆ, ದೇವರ ಮುಂದೆ, ಪಶ್ಚಾತ್ತಾಪದಿಂದ ಇಡಬೇಕು. ಅದನ್ನು ನೆರೆಯವನ ಚುಕ್ಕೆಯೊಂದಿಗೆ ಹೋಲಿಸುವಂತಿಲ್ಲ. ನನ್ನ ನಿನ್ನೆಯೊಂದಿಗೆ ಮಾತ್ರ. ಅಂದು ಆ ತಾಯಿ ಹೋದ ಮೇಲೆ ನಾನೂ ಒಂದು ಹಾಳೆಯಲ್ಲಿ ಗೆರೆ ಎಳೆದೆ. ಮಾತಾಡಲು ಬಂದವರ ಮುಂದೆಯೇ ಫೋನು ನೋಡುವ ನನ್ನ ದೋಷಕ್ಕೆ ಮೊದಲ ದಿನ ಒಂಬತ್ತು ಚುಕ್ಕೆ ಬಿತ್ತು. ಈಗ ಶೂನ್ಯವಾಗಿದೆ ಎಂದು ಹೇಳಿದರೆ ಸುಳ್ಳಾದೀತು; ಕಡಿಮೆಯಾಗಿದೆ.

ಸಂಗೀತದ ವಿಷಯದಲ್ಲೇ ಇಂಥ ಆತ್ಮಶೋಧನೆ ಮಾಡಿಕೊಂಡವರು ಸಂತ ಅಗಸ್ಟೀನರು. 387ರಲ್ಲಿ ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಜ್ಞಾನಸ್ನಾನ ಪಡೆದ ದಿನಗಳಲ್ಲಿ ಧರ್ಮಸಭೆಯ ಗೀತೆಗಳನ್ನು ಕೇಳಿ ತಾವು ಅತ್ತದ್ದನ್ನು ಅವರು ತಮ್ಮ 'ನಿವೇದನೆಗಳು' ಗ್ರಂಥದಲ್ಲಿ ಬರೆದಿದ್ದಾರೆ. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುವ ಕಂಠದ ಇಂಪೇ ತಮ್ಮನ್ನು ಹೆಚ್ಚು ಸೆಳೆದಾಗ ಅದನ್ನು ತಮ್ಮ ಪಾಪವೆಂದೇ ಒಪ್ಪಿಕೊಳ್ಳುತ್ತಾರೆ. ಗಮನಿಸಿ, ಅವರು ಕೇಳುತ್ತಿದ್ದುದು ಕೀರ್ತನೆಗಳನ್ನು! ಪಟ್ಟಿ ಇದ್ದಿದ್ದರೆ ಅದರಲ್ಲಿ ದೋಷ ಕಾಣುತ್ತಿರಲಿಲ್ಲ. ಆದರೆ ಅಗಸ್ಟೀನರು 'ಎಷ್ಟು ಸಲ ಕೇಳಿದೆ' ಎಂಬಲ್ಲಿಗೆ ನಿಲ್ಲಲಿಲ್ಲ. 'ಏಕೆ ಕೇಳಿದೆ, ಕೇಳಿದಾಗ ನನ್ನ ಮನಸ್ಸು ಎಲ್ಲಿತ್ತು' ಎಂದು ಕೇಳಿಕೊಂಡರು.

ತೋರಿಸುವ ಆಸೆ, ಮುಚ್ಚಿಡುವ ಭಯ

ಈ ಪಟ್ಟಿಗಳಿಂದ ಎರಡು ಶೋಧನೆಗಳು ಬರುತ್ತವೆ. ಮೊದಲನೆಯದು ತೋರಿಕೆ. ಪಟ್ಟಿ ಚೆನ್ನಾಗಿ ಕಾಣಲೆಂದೇ ಹಾಡು ಹಾಕಿ ಫೋನನ್ನು ಬದಿಗಿಡುವವರಿದ್ದಾರೆ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಎಂದು ದೇವಾಲಯದಲ್ಲಿ ನಿಂತು ದೇವರಿಗೇ ಲೆಕ್ಕ ಒಪ್ಪಿಸಿದ ಫರಿಸಾಯನನ್ನು (ಲೂಕ 18:12) ಅವರು ನೆನೆಯಲಿ. ಎರಡನೆಯದು ಮುಚ್ಚುಮರೆ. ನಾಚಿಕೆಯ ಹಾಡು ಲೆಕ್ಕಕ್ಕೆ ಬಾರದಂತೆ ಗುಟ್ಟಾಗಿ ಕೇಳುವ ಸೌಲಭ್ಯ ಕೆಲವು ಕಡೆ ಇದೆ; ಕೇಳಿದ್ದನ್ನು ಅಳಿಸಿಹಾಕಲೂ ಬರುತ್ತದೆ. ಎಲೆಗಳ ಮರೆಯಲ್ಲಿ ಅಡಗಿದ ಆದಾಮನ ಬುದ್ಧಿ ಇದು. ಯಂತ್ರದಿಂದ ಮರೆಮಾಡಬಹುದು. ನಾವು ಕೂರುವುದನ್ನೂ ಏಳುವುದನ್ನೂ ಬಲ್ಲ ಸರ್ವೇಶ್ವರನಿಂದ (ಕೀರ್ತನೆ 139) ಮರೆಮಾಡಲಾದೀತೇ?

ಆದರೆ ಆ ದೇವರ ಎಣಿಕೆಗೆ ನಾವು ಹೆದರಬೇಕಾಗಿಲ್ಲ. ಆತ ಎಣಿಸುವುದು ಏನನ್ನು? ನಮ್ಮ ತಲೆಗೂದಲುಗಳನ್ನು (ಲೂಕ 12:7). ನಮ್ಮ ಕಣ್ಣೀರಿನ ಹನಿಗಳನ್ನು (ಕೀರ್ತನೆ 56:8). ತಾಯಿ ಮಗುವಿನ ಬೆರಳುಗಳನ್ನು ಎಣಿಸುವಂಥ ಎಣಿಕೆ ಅದು. ತಪ್ಪುಗಳ ವಿಷಯ ಬಂದಾಗಲಾದರೋ, ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಲೆಕ್ಕಕ್ಕೆ ಕುಳಿತಾಗ, ಲೆಕ್ಕವೇ ತಪ್ಪಿಹೋಗುವಂಥ ಸಂಖ್ಯೆಯನ್ನು ಪ್ರಭು ಹೇಳಿಬಿಟ್ಟರು (ಮತ್ತಾಯ 18:22). ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ ಎಂಬುದು ಸಂತ ಪೌಲರ ಬೋಧನೆ (1 ಕೊರಿಂಥ 13:5). ಯಂತ್ರ ಎಲ್ಲವನ್ನೂ ಬರೆದಿಡುತ್ತದೆ, ಒಂದನ್ನೂ ಅರಿಯುವುದಿಲ್ಲ. ದೇವರು ಎಲ್ಲವನ್ನೂ ಅರಿತು, ಪಶ್ಚಾತ್ತಾಪಪಟ್ಟವರ ಪಾಪವನ್ನು ಮರೆತುಬಿಡುತ್ತಾನೆ.

ಮನೆಯಲ್ಲಿ ಮಾಡಬಹುದಾದದ್ದು

ಕುಟುಂಬದವರಿಗೆ ಮೂರು ಮಾತು ಹೇಳಿ ಮುಗಿಸುತ್ತೇನೆ.

1. ಪಟ್ಟಿ ಬಂದಾಗ ಅದನ್ನು ಇತರರಿಗೆ ತೋರಿಸುವ ಮುನ್ನ ಒಬ್ಬರೇ ಕುಳಿತು, ಒಂದು ಕ್ಷಣ ಪ್ರಾರ್ಥಿಸಿ ನೋಡಿ. ಈ ಹಾಡಿನ ಬಳಿ ನಾನು ಏಕೆ ಇಷ್ಟು ಸಲ ಬಂದೆ? ಸಂತೋಷಕ್ಕೋ, ದುಃಖಕ್ಕೋ, ಬರಿದೇ ಹೊತ್ತು ಕಳೆಯಲಿಕ್ಕೋ? ಕೇಳಿದ ಮೇಲೆ ನಾನು ಮನೆಯವರೊಡನೆ ಮೃದುವಾದೆನೋ, ಸಿಡುಕನಾದೆನೋ? ಉತ್ತರ ಏನೇ ಬರಲಿ, ಅದನ್ನು ದೇವರಿಗೆ ಹೇಳಿ.

2. ಒಂದು ಸಂಜೆ ಜಪಸರದ ನಂತರ ಮನೆಯವರೆಲ್ಲ ಕುಳಿತು ಪ್ರತಿಯೊಬ್ಬರೂ ಹೆಚ್ಚು ಸಲ ಕೇಳಿದ ಹಾಡನ್ನು ಪೂರ್ತಿಯಾಗಿ, ಮೂವತ್ತು ಸೆಕೆಂಡಿಗೆ ನಿಲ್ಲಿಸದೆ, ಒಟ್ಟಾಗಿ ಕೇಳಿ. ನಗಬೇಡಿ, ಬೈಯಲೂ ಬೇಡಿ. "ಇದು ನಿನಗೆ ಏಕೆ ಇಷ್ಟ?" ಎಂದಷ್ಟೇ ಕೇಳಿ. ಮಗಳು ಒಂದೇ ಶೋಕಗೀತೆಯನ್ನು ನಡುರಾತ್ರಿ ಮತ್ತೆ ಮತ್ತೆ ಕೇಳುತ್ತಿದ್ದಾಳೆಂದರೆ ಅವಳ ಕೈಯಿಂದ ಫೋನು ಕಿತ್ತುಕೊಳ್ಳುವ ಮೊದಲು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಹಾಡಿನ ಹಿಂದೆ ಒಂದು ಗಾಯ ಇರಬಹುದು. ಅದನ್ನು ನಿಮಗೆ ಹೇಳಲು ಅವಳು ಯಾರಾದರೂ ಕೇಳಲಿ ಎಂದು ಕಾದಿರಬಹುದು.

3. ದಿನಕ್ಕೆ ಕಾಲು ಗಂಟೆ ಎಲ್ಲ ಹಾಡನ್ನೂ ನಿಲ್ಲಿಸಿ ಮೌನವಾಗಿರಿ. ಮೌನವನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ದೇವರ ಸ್ವರ ಎಲೀಯನಿಗೆ ಕೇಳಿಸಿದ್ದು ಬಿರುಗಾಳಿಯಲ್ಲಲ್ಲ, ಅದರ ನಂತರದ ಮೆಲುದನಿಯಲ್ಲಿ (1 ಅರಸು 19:12).

ಆ ತಾಯಿಯ ಮಗನಿಗೆ ನಾನು ಏನನ್ನೂ ಹೇಳಲಿಲ್ಲ. ತಾಯಿಯೇ ಅಂದು ರಾತ್ರಿ ಅವನಿಗೆ ಆ ಹಾಡಿನ ಕಥೆ ಹೇಳಿದರಂತೆ. ತಂದೆ ಅದನ್ನು ಗುನುಗುತ್ತಿದ್ದುದು ಅವನಿಗೂ ನೆನಪಿತ್ತು. ಅಷ್ಟು ಸಲ ಎಂಬ ಸಂಖ್ಯೆ ನೋಡಿದಾಗ ಮಾತ್ರ ಹೊಳೆದಿರಲಿಲ್ಲ. ಈಗ ಅವನು ಊರಿನಲ್ಲಿದ್ದ ರಾತ್ರಿಗಳಲ್ಲಿ ತಾಯಿಯ ಜೊತೆ ಕುಳಿತು ಮೊದಲು ಜಪಸರ, ಆಮೇಲೆ ಆ ಹಾಡು. ಇಬ್ಬರು ಕೇಳಿದರೂ ಫೋನಿನ ಲೆಕ್ಕದಲ್ಲಿ ಅದು ಒಂದೇ ಸಲ.

ಪ್ರಿಯರೇ, ದೇವರು ತನ್ನ ಜನರ ವಿಷಯದಲ್ಲಿ ಹರ್ಷಿಸಿ ಹಾಡುತ್ತಾನೆ ಎಂದು ಪ್ರವಾದಿ ಜೆಫನ್ಯ ನಮಗೆ ತಿಳಿಸುತ್ತಾನೆ (3:17). ನಮ್ಮ ಜ್ಞಾನಸ್ನಾನದ ದಿನದಿಂದ ಆ ಹಾಡು ನಿಂತಿಲ್ಲ. ಅದನ್ನು ನಾವು ಎಷ್ಟು ಸಲ ಕೇಳಿಸಿಕೊಂಡಿದ್ದೇವೆ? ಈ ಆಗಮನ ಕಾಲದಲ್ಲಿ ಒಂದು ಸಲವಾದರೂ ಪೂರ್ತಿಯಾಗಿ ಕೇಳಿಸಿಕೊಳ್ಳುವ ಕಿವಿಯನ್ನು ಬಾಲಯೇಸು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೆನ್.